ಮೇಲೆ ಕೆಂಡ, ಕೆಳಗೆ ಕೆಂಡ

'ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು' ಎಂಬ ಮಾತನ್ನು ಬಳಸದ ಕನ್ನಡಿಗರು ವಿರಳ. ಆದರೆ ಮಂಡಿಗೆಯನ್ನು ನಿಜವಾಗಿ ತಿಂದವರು ಎಷ್ಟು ಮಂದಿ ಎಂದು ಕೇಳಿದರೆ, ಅದರಲ್ಲೂ ಚೆನ್ನೈಯಂಥ ಪರಸ್ಥಳದಲ್ಲಿ ನೆಲೆಸಿರುವ ನಮ್ಮಂಥವರನ್ನು ಕೇಳಿದರೆ, ಕೈ ಎತ್ತುವವರು ಕೆಲವರೇ. ನಾವೂ ಬಹುಕಾಲ ಮನಸ್ಸಿನಲ್ಲೇ ತಿಂದವರ ಪಂಕ್ತಿಯಲ್ಲಿ ಕುಳಿತವರು. ಆ ಪಂಕ್ತಿಯಿಂದ ನಮ್ಮನ್ನು ಎಬ್ಬಿಸಿದ್ದು ಒಂದು ತುಂಡು ಕೇಕು.

ಕಳೆದ ಡಿಸೆಂಬರಿನಲ್ಲಿ ನಮ್ಮ ವಸತಿಗೃಹದ ನೆರೆಯವರು ಕ್ರಿಸ್‌ಮಸ್ಸಿನ ಕೇಕನ್ನು ತಟ್ಟೆಯಲ್ಲಿಟ್ಟು ಕಳುಹಿಸಿದರು. ಅವರು ಪೆರಂಬೂರಿನ ಹಳೆಯ ರೈಲ್ವೆ ಕುಟುಂಬದ ಆಂಗ್ಲೋ ಇಂಡಿಯನ್ನರು. ಕೇಕನ್ನು ತಿನ್ನುತ್ತಾ ನಮ್ಮ ಮಗಳು ಕೇಳಿದಳು: "ಅಪ್ಪಾ, ನಮ್ಮ ಹಬ್ಬಕ್ಕೆಲ್ಲ ಎಣ್ಣೆಯಲ್ಲಿ ಕರಿದದ್ದು, ಇಲ್ಲವೇ ಆವಿಯಲ್ಲಿ ಬೇಯಿಸಿದ್ದು. ಹೀಗೆ ಬೇಕ್ ಮಾಡುವುದು ನಮ್ಮಲ್ಲಿ ಯಾಕಿಲ್ಲ?" ವಿಜ್ಞಾನದ ಪದವೀಧರರೆಂಬ ಠೀವಿಯಿಂದ ನಾವು ತಟ್ಟನೆ, "ಅದಕ್ಕೆ ಓವನ್ ಬೇಕಮ್ಮ. ಓವನ್ ಬಿಳಿಯರು ತಂದದ್ದು" ಎಂದು ಬಿಟ್ಟೆವು. ಒಳಗೆ ಬತ್ತಿ ಹೊಸೆಯುತ್ತಿದ್ದ ನಮ್ಮ ತಾಯಿಯವರು ಅಲ್ಲಿಂದಲೇ, "ಎಂತದು ಮಾರಾಯ ಹೇಳುವುದು ನೀನು? ಅಜ್ಜಿ ಧೋಂಡಸ ಮಾಡುತ್ತಿದ್ದದ್ದು ಮರೆತೇ ಹೋಯಿತಾ?" ಎಂದರು.

ಮರೆತೇ ಹೋಗಿತ್ತು. ಅಷ್ಟೇ ಅಲ್ಲ, ನಾವು ಮಗಳಿಗೆ ಹೇಳಿದ ಇತಿಹಾಸವೂ ತಪ್ಪಾಗಿತ್ತು. ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನವೇ ಈ ಲೇಖನ.

ಮೊದಲು ಮಂಡಿಗೆಯ ವಿಚಾರ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಆಳ್ವಿಕೆಯ ಕಾಲ 1126ರಿಂದ 1138. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅವನ ರಾಜಧಾನಿ. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳನ್ನು ಹೇಳುವಾಗ ಅನ್ನಭೋಗಕ್ಕೂ ಒಂದು ಪ್ರಕರಣ ಮೀಸಲು. ಅಲ್ಲಿ ಬರುವ 'ಮಂಡಕ'ವೇ ನಮ್ಮ ಮಂಡಿಗೆ. ಗೋಧಿಯನ್ನು ತೊಳೆದು ಒಣಗಿಸಿ, ಬೀಸಿ, ಜರಡಿ ಹಿಡಿದು, ತುಪ್ಪ ಉಪ್ಪು ಹಾಕಿ ನಾದಿ, ಉಂಡೆ ಮಾಡಿ, ಕೈಯಿಂದಲೇ ಅಗಲಿಸಿ, ಕಾದ ಮಡಕೆಯ ಬೆನ್ನಿನ ಮೇಲೆ ಹಾಕಿ ಬೇಯಿಸುವ ಕ್ರಮ ಅದು. ಕೆಂಡದ ಮೇಲೆ ಸುಡುವ 'ಅಂಗಾರಪೋಲಿಕೆ'ಯೂ ಅದೇ ಪಟ್ಟಿಯಲ್ಲಿದೆ. ಎಂದರೆ ಎಣ್ಣೆಯೂ ನೀರೂ ಇಲ್ಲದ ಒಣ ಶಾಖದಲ್ಲಿ ಹಿಟ್ಟನ್ನು ಬೇಯಿಸುವ ವಿದ್ಯೆ, ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡನಾಡಿನ ಅರಮನೆಯಲ್ಲಿ ಬರವಣಿಗೆಗೆ ಬಂದಿತ್ತು.

ಅರಮನೆ ಹೋಯಿತು, ಮಡಕೆಯ ಬೆನ್ನು ಉಳಿಯಿತು. ಬೆಳಗಾವಿಯ ಕಡೆ ಮದುವೆ ಮುಂಜಿಗಳಲ್ಲಿ ಇಂದಿಗೂ ಮಂಡಿಗೆ ಮಾಡುತ್ತಾರೆ. ಸಕ್ಕರೆಯ ಹೂರಣ ತುಂಬಿದ ಕಣಕವನ್ನು ಎರಡೂ ಕೈಗಳ ಮೇಲೆ ಆಡಿಸುತ್ತಾ ಬಟ್ಟೆಯಂತೆ ಅಗಲಿಸಿ, ಕವುಚಿ ಹಾಕಿದ ಪಾತ್ರೆಯ ಮೇಲೆ ಹಾಸಿ, ಬೆಂದೊಡನೆ ಮಡಚಿ ತೆಗೆಯುತ್ತಾರೆ. ಶಿರಸಿ, ಸಾಗರದ ಕಡೆಗೆ ಹೋದರೆ ಅದೇ ಉಪಾಯ ಬೇರೊಂದು ರೂಪದಲ್ಲಿ ಕಾಣುತ್ತದೆ. ಆಲೆಮನೆಯ ಕಬ್ಬಿನ ಹಾಲಿನಲ್ಲಿ ಕಲಸಿದ ತೆಳುವಾದ ಅಕ್ಕಿಹಿಟ್ಟನ್ನು ಬಟ್ಟೆಯ ತುಂಡಿನಿಂದ ಮಡಕೆಯ ಬೆನ್ನಿಗೆ ಸವರಿದರೆ ಕ್ಷಣಮಾತ್ರದಲ್ಲಿ ಕಾಗದದಂತೆ ಏಳುವ ತೊಡದೇವು! ಒಂದು ಗೋಧಿಯ ಸೀಮೆ, ಇನ್ನೊಂದು ಅಕ್ಕಿಯ ಸೀಮೆ. ಮಡಕೆ ಮಾತ್ರ ಎರಡೂ ಕಡೆ ಕವುಚಿಯೇ ಕುಳಿತಿದೆ.

ಇನ್ನು ಅಜ್ಜಿಯ ಧೋಂಡಸಕ್ಕೆ ಬರೋಣ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ಬರೆದನು. ಅಡುಗೆಯ ಪುಸ್ತಕವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ ರಸಿಕನೀತ! ಇದರ ಮೊದಲನೆಯ ಅಧ್ಯಾಯವೇ ಹಿಟ್ಟಿನ ತಿನಿಸುಗಳಿಗೆ ಸಂಬಂಧಿಸಿದ್ದು. ಅದರಲ್ಲಿ ಬರುವ ರೊಟ್ಟಿಗಳ ಪೈಕಿ 'ಮುಚ್ಚಳ ರೊಟ್ಟಿ' ಎಂಬುದೊಂದಿದೆ. ಮುಚ್ಚಳದ ಮೇಲೂ ಬೆಂಕಿ, ತಳದಲ್ಲೂ ಬೆಂಕಿ. ನಡುವೆ ಬೇಯುವುದು ರೊಟ್ಟಿ. ಓವನ್ ಎಂದರೆ ಇದಲ್ಲದೆ ಇನ್ನೇನು? ನಾಲ್ಕು ಗೋಡೆಯ ಪೆಟ್ಟಿಗೆಯೊಂದಿಲ್ಲ, ಅಷ್ಟೆ.

ನಮ್ಮ ಕರಾವಳಿಯ ಕನ್ನಡ, ಕೊಂಕಣಿ ಮನೆಗಳಲ್ಲಿ ಧೋಂಡಸ, ತವಸಳಿ ಎಂದು ಕರೆಯುವ ಸೌತೆಕಾಯಿಯ ಸಿಹಿತಿಂಡಿಯೂ ಇದೇ ವಿಧಾನದ್ದು. ಹುರಿದ ಅಕ್ಕಿರವೆ, ಸೌತೆಕಾಯಿಯ ತುರಿ, ಬೆಲ್ಲ, ತೆಂಗಿನ ತುರಿ, ಏಲಕ್ಕಿ ಇವನ್ನೆಲ್ಲ ಕೂಡಿಸಿ ದಪ್ಪ ತಳದ ಪಾತ್ರೆಗೆ ಹಾಕಿ ಮುಚ್ಚಬೇಕು. ಅಜ್ಜಿ ಅದನ್ನು ರಾತ್ರಿಯ ಊಟದ ಅಡುಗೆ ಮುಗಿದ ಮೇಲೆ ಒಲೆಯ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ನಾಲ್ಕು ತೆಂಗಿನ ಗೆರಟೆಯ ಕೆಂಡ ಹರಡಿ, ಬೂದಿ ಮುಚ್ಚಿ ಮಲಗಿಬಿಡುತ್ತಿದ್ದರಂತೆ. ಬೆಳಗ್ಗೆ ಎದ್ದರೆ ಮೇಲೆ ಕೆಳಗೆ ಕೆಂಪಗೆ ಬೆಂದ ಧೋಂಡಸ ಸಿದ್ಧ. ಹನ್ನೊಂದು ಮಂದಿಯ ಮನೆ. ಶಾಲೆಗೆ ಹೋಗುವ ಮಕ್ಕಳಿಗೆ ಒಂದೊಂದು ಹೋಳು ಕೊಟ್ಟರೆ ಬೆಳಗಿನ ತಿಂಡಿಯ ಗದ್ದಲವೇ ಇಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನವನ್ನು ಹೇಳಲು ಓದುಗರು ಅಪ್ಪಣೆ ಕೊಡಬೇಕು. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಆವಿಯಲ್ಲಿ ಬೆಂದ ಇಡ್ಲಿ, ಕಡುಬು ಎಷ್ಟು ಹೊತ್ತು ಇಟ್ಟರೂ ಬಿಳುಪಾಗಿಯೇ ಇರುತ್ತವೆ. ಹಿಟ್ಟಿನಲ್ಲಿರುವ ಸಕ್ಕರೆ ಮತ್ತು ಸಸಾರಜನಕಗಳು ಕೂಡಿ ಕೆಂಬಣ್ಣವನ್ನೂ ಘಮವನ್ನೂ ಬೇಗ ಕೊಡಬೇಕಾದರೆ ಶಾಖ 140 ಡಿಗ್ರಿಯ ಸುಮಾರಿಗಾದರೂ ಏರಬೇಕು. ಆ ಶಾಖ ತಳದಿಂದ ಮಾತ್ರ ಬಂದರೆ ಕೆಳಭಾಗ ಸೀಯುತ್ತದೆ, ಮೇಲ್ಭಾಗ ಹಸಿಯಾಗಿಯೇ ಉಳಿಯುತ್ತದೆ. ಮುಚ್ಚಳದ ಮೇಲಿನ ಕೆಂಡದ ಮರ್ಮ ಇಷ್ಟೇ.

ಇದರ ಜೊತೆಗೆ ಇನ್ನೊಂದು ಮಾತನ್ನೂ ಗಮನಿಸಬೇಕು. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಇಂದು ನಾವು ಮಾಡುವ ಇಡ್ಲಿಯ ಹಿಟ್ಟನ್ನಂತೂ ಸಂಜೆ ರುಬ್ಬಿಟ್ಟರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ರಾತ್ರಿಯಿಡೀ ದುಡಿದು ಅದನ್ನು ಉಬ್ಬಿಸುತ್ತವೆ. ಅಲ್ಲಿ ಹುದುಗು, ಇಲ್ಲಿ ಕೆಂಡ. ನಮ್ಮ ಹಿರಿಯ ಹೆಂಗಸರು ಬೆಳಗಿನ ಕೆಲಸಕ್ಕೆ ರಾತ್ರಿಯನ್ನೇ ಆಳಾಗಿ ಇಟ್ಟುಕೊಂಡಿದ್ದರು! ಇದು ನಮಗೆ ಹೊಳೆದದ್ದು ಈ ವಯಸ್ಸಿನಲ್ಲಿ.

ಹಾಗಾದರೆ ಈ ಕೆಂಡ ನಮ್ಮ ಕೈಯಿಂದ ಜಾರಿದ್ದು ಯಾವಾಗ? ಉತ್ತರ ನಮ್ಮ ವಲಸೆಯ ಚರಿತ್ರೆಯಲ್ಲಿಯೇ ಇದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಬಳ್ಳಾರಿಯೂ 1953ರವರೆಗೆ ಹಾಗೆಯೇ. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ನಮ್ಮವರು ಬರುತ್ತಿದ್ದ ರಾಜಧಾನಿ ಈ ಊರೇ. ಹಾಗೆ ಬಂದವರ ಹಸಿವು ತಣಿಸಿದ್ದು ಉಡುಪಿಯ ಹೋಟೆಲುಗಳು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂದೆ 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯಲ್ಲಿ ಅವರ ಡ್ರೈವ್-ಇನ್ ಹೋಟೆಲು ಬಂತು. ಅದು 2008ರಲ್ಲಿ ಮುಚ್ಚಿ, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಈ ಹೋಟೆಲುಗಳು ನಮ್ಮ ಇಡ್ಲಿ ದೋಸೆಗಳನ್ನು ಜಗತ್ಪ್ರಸಿದ್ಧ ಮಾಡಿದವು, ನಿಜ. ಆದರೆ ಮುಚ್ಚಳದ ಕೆಂಡದ ತಿಂಡಿಗಳು ಮನೆಯ ಒಲೆಯನ್ನು ಬಿಟ್ಟು ಹೋಟೆಲಿನ ದೊಡ್ಡ ಅಡುಗೆಮನೆಗೆ ಬರಲಿಲ್ಲ. ಒಬ್ಬ ಮಾಣಿ ನಿಮಿಷಕ್ಕೊಂದು ತಟ್ಟೆ ಒಯ್ಯುವ ಕಡೆ, ರಾತ್ರಿಯಿಡೀ ಬೇಯುವ ಧೋಂಡಸಕ್ಕೆ ಸ್ಥಳವೆಲ್ಲಿ?

ಒಣ ಶಾಖದ ತಿಂಡಿ ಇನ್ನೊಂದು ದಾರಿಯಿಂದ ಬಂತು. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ಆರಂಭಿಸಿದರು. ಬೆಂಗಳೂರು ಬ್ರದರ್ಸ್ ಎಂಬುದರ ಸಂಕ್ಷಿಪ್ತ ರೂಪವದು. ಮೊಟ್ಟೆ ಮುಟ್ಟದವರ ಮನೆಗೂ ಬ್ರೆಡ್ಡು, ಬನ್ನು, ಕೇಕು ನಿಶ್ಚಿಂತೆಯಿಂದ ಪ್ರವೇಶ ಮಾಡಿದ್ದು ಇಂಥವರಿಂದ. 1953ರಲ್ಲಿ ವಿಶ್ವೇಶ್ವರಪುರದಲ್ಲಿ ವಿ.ಬಿ. ಬೇಕರಿ ಬಂತು. ಹಾಸನದ ಕಡೆಯ ಹಲವು ಕುಟುಂಬಗಳು ಇದೇ ಉದ್ಯೋಗ ಹಿಡಿದು ಹರಡಿದವು. ಇಂದು 'ಬೆಂಗಳೂರು ಅಯ್ಯಂಗಾರ್ ಬೇಕರಿ' ಎಂಬ ಹಲಗೆ ಚೆನ್ನೈಯ ಬೀದಿಗಳಲ್ಲೂ ಸಾಮಾನ್ಯ. ಆದರೆ ಬನ್ನು ನಮ್ಮ ಮನೆಗೆ ಬಂದದ್ದು ಪೊಟ್ಟಣದಲ್ಲಿ. ಅದನ್ನು ಬೇಯಿಸುವ ವಿದ್ಯೆ ಬರಲಿಲ್ಲ. ನಮ್ಮೂರಿನ 'ಮಂಗಳೂರು ಬನ್ಸ್' ನೋಡಿ. ಹೆಸರು ಬೇಕರಿಯದು, ಬೇಯುವುದು ಮಾತ್ರ ಎಣ್ಣೆಯ ಬಾಣಲೆಯಲ್ಲಿ!

ಕೊನೆಗೆ ಅನಿಲದ ಒಲೆ ಬಂತು. 1965ರಲ್ಲಿ ಇಂಡೇನ್ ಸಿಲಿಂಡರು ಆರಂಭವಾಗಿ, ಕ್ರಮೇಣ ಪಟ್ಟಣದ ಮನೆಗಳಿಂದ ಸೌದೆ, ಇದ್ದಲು, ಸೀಮೆಎಣ್ಣೆಗಳು ಹೊರಟವು. ಹೊಗೆಯಿಂದ ಕಣ್ಣೀರು ಸುರಿಸುತ್ತಿದ್ದ ತಾಯಂದಿರಿಗೆ ಇದು ವರವೇ. ಅದನ್ನು ಅಲ್ಲಗಳೆದರೆ ನಾವು ಕೃತಘ್ನರಾದೇವು. ಆದರೆ ಅನಿಲದ ಉರಿ ಕೆಳಗಿನಿಂದ ಮಾತ್ರ. ಅದು ಕೆಂಡವನ್ನು ಉಳಿಸುವುದಿಲ್ಲ. ಕೆಂಡವಿಲ್ಲದ ಮೇಲೆ ಮುಚ್ಚಳದ ಮೇಲೆ ಇಡುವುದೇನನ್ನು? ಹೀಗೆ ಧೋಂಡಸ ಯಾರೂ ಬೇಡವೆನ್ನದೆಯೇ ಮರೆಯಾಯಿತು.

ಮನೆಯಲ್ಲಿ ಓವನ್ ಇಲ್ಲದಿರುವುದು ನಮ್ಮದೊಂದೇ ಕಥೆಯೇನಲ್ಲ. ಯೂರೋಪಿನ ಎಷ್ಟೋ ಹಳ್ಳಿಗಳಲ್ಲಿ ಹಿಂದೆ ಊರಿಗೊಂದು ಒಲೆ. ಮನೆಮನೆಯವರು ಹಿಟ್ಟು ನಾದಿಕೊಂಡು ಅಲ್ಲಿಗೆ ಒಯ್ಯುತ್ತಿದ್ದರು. ನಮ್ಮ ನೆರೆಮನೆಯ ಹಿರಿಯಾಕೆ ಹೇಳಿದಂತೆ, ಅವರ ಬಾಲ್ಯದಲ್ಲಿ ಪೆರಂಬೂರಿನಲ್ಲೂ ಹಾಗೆಯೇ. ಕೇಕಿನ ಹಿಟ್ಟನ್ನು ಮನೆಯವರೆಲ್ಲ ಸರದಿಯಲ್ಲಿ ತಿರುವಿ, ತಗಡಿನ ಅಚ್ಚುಗಳಿಗೆ ತುಂಬಿ, ಬೀದಿಯ ಬೇಕರಿಗೆ ಹೊತ್ತು ಬೇಯಿಸಿ ತರುತ್ತಿದ್ದರಂತೆ. "ಒಲೆ ನಮ್ಮದಲ್ಲ, ಕೈ ನಮ್ಮದು" ಎಂದರು ಆಕೆ. ಈ ಮಾತು ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಒಲೆ ಹೋದದ್ದಕ್ಕಿಂತ ಕೈಗಳು ಕಡಿಮೆಯಾದದ್ದೇ ನಮ್ಮ ಮನೆಯ ನಿಜವಾದ ನಷ್ಟವಲ್ಲವೇ?

ನಮ್ಮ ಮನೆಯ ಬೆಳಗನ್ನೇ ನೋಡಿ. ನಮ್ಮ ಮನೆಯಾಕೆ ಶಾಲೆಯ ಅಧ್ಯಾಪಿಕೆ; ನಾಲ್ಕೂವರೆಗೆ ಏಳುತ್ತಾರೆ. ನೀರು ತುಂಬಬೇಕು, ನಾಲ್ಕು ಡಬ್ಬಿ ಕಟ್ಟಬೇಕು, ಮಕ್ಕಳ ವ್ಯಾನು ಏಳಕ್ಕೆ. ನಾವೋ, ಪತ್ರಿಕೆ ಓದಿ, ತಿಂಡಿಗೆ ತಡವಾಯಿತೆಂದು ಗಡಿಯಾರ ನೋಡಿ, ಕಚೇರಿಯ ಹಾಜರಿ ಯಂತ್ರಕ್ಕೆ ಬೆರಳೊತ್ತಲು ಓಡುವವರು. ಹಬ್ಬ ಬಂದರೆ ಅಂಗಡಿಯಿಂದ ಎರಡು ಪೆಟ್ಟಿಗೆ ಸಿಹಿ ತಂದು ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡವರು. ತಾಯಿಯವರು ಆ ಪೆಟ್ಟಿಗೆಯನ್ನು ನೋಡಿ ಏನೂ ಹೇಳುತ್ತಿರಲಿಲ್ಲ. ಅವರಿಗೆ ಈಗ ಎಪ್ಪತ್ತಾರು. ಧೋಂಡಸದ ಅಳತೆ ಅವರ ಅಂಗೈಯಲ್ಲಿದೆ, ಕಾಗದದಲ್ಲಿಲ್ಲ. ಅಂಗೈ ಈಗ ನಡುಗುತ್ತದೆ.

ಆದ್ದರಿಂದ ಒಂದು ಭಾನುವಾರ ನಾವೇ ಮೊರ ಹಿಡಿದೆವು. ಪ್ರೆಷರ್ ಕುಕ್ಕರಿನ ರಬ್ಬರು ಉಂಗುರ, ತೂಕಗಳನ್ನು ತೆಗೆದು, ತಳಕ್ಕೆ ಮರಳು ಹಾಕಿ, ಅದರೊಳಗೆ ಪಾತ್ರೆ ಇಟ್ಟೆವು. ಒಂದು ಗಂಟೆಯ ಮೇಲೆ ತೆರೆದರೆ ತಳ ಇದ್ದಲು, ತಲೆ ಅಂಬಲಿ! ಮಗಳು ನಕ್ಕಳು. ನಮ್ಮ ಮನೆಯಾಕೆ ನಗಲಿಲ್ಲ. ಕುಕ್ಕರು ತಿಕ್ಕುವವರು ಯಾರೆಂದು ಕೇಳಿದರು. ನಾವೇ ತಿಕ್ಕಿದೆವು. ಮರುವಾರ ಉರಿ ಸಣ್ಣ ಮಾಡಿ, ಪಕ್ಕದ ಒಲೆಯಲ್ಲಿ ದೋಸೆಯ ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಪಾತ್ರೆಯ ಬಾಯಿಗೆ ಮುಚ್ಚಳವಾಗಿಟ್ಟೆವು. ಆರಿದಂತೆಲ್ಲ ಮತ್ತೆ ಕಾಯಿಸಿಟ್ಟೆವು. ಮೇಲಿನ ಕೆಂಡಕ್ಕೆ ಬದಲು ಕಾವಲಿ! ತಾಯಿಯವರು ತುಂಡೊಂದನ್ನು ಬಾಯಿಗಿಟ್ಟು ತುಸು ಹೊತ್ತು ಸುಮ್ಮನಿದ್ದು, "ಅಡ್ಡಿಲ್ಲ. ಬೆಲ್ಲ ಸ್ವಲ್ಪ ಕಡಿಮೆಯಾಯಿತು" ಎಂದರು. ಎರಡನೆಯ ತುಂಡನ್ನೂ ಕೇಳಿ ತೆಗೆದುಕೊಂಡರು.

ಅಂದು ಮಗಳು ಅಜ್ಜಿಯ ಅಂಗೈಯ ಅಳತೆಯನ್ನು ಲೋಟದಲ್ಲಿ ಅಳೆದು ನೋಟುಪುಸ್ತಕದಲ್ಲಿ ಬರೆದುಕೊಂಡಳು. ರವೆ ಒಂದು ಲೋಟ, ಸೌತೆಕಾಯಿಯ ತುರಿ ಒಂದೂವರೆ, ಬೆಲ್ಲ ಮುಕ್ಕಾಲು (ಅಜ್ಜಿಯ ತೀರ್ಪಿನ ನಂತರ ತಲೆಹೊಡೆದು ಒಂದು), ಅರ್ಧ ತೆಂಗಿನಕಾಯಿ. ಈಗ ತಿಂಗಳಿಗೊಮ್ಮೆ ಶನಿವಾರ ರಾತ್ರಿ ನಾವು ಧೋಂಡಸ ಇಡುತ್ತೇವೆ. ಭಾನುವಾರ ಬೆಳಗ್ಗೆ ನಮ್ಮ ಮನೆಯಾಕೆ ಆರೂವರೆಯವರೆಗೆ ಮಲಗಿರುತ್ತಾರೆ. ಮಾನಸೋಲ್ಲಾಸದ ಭೋಗಗಳಲ್ಲಿ ಇದು ಸೇರಿದೆಯೋ ಇಲ್ಲವೋ, ನಮ್ಮ ಮನೆಯಲ್ಲಿ ಸೇರಿದೆ.

ಓದುಗ ಬಂಧುಗಳಲ್ಲಿ ಒಂದೇ ಬಿನ್ನಹ. ಬೆಳಗಾವಿಯ ಮಂಡಿಗೆಯೋ, ಶಿರಸಿಯ ತೊಡದೇವೋ, ನಿಮ್ಮ ಮನೆಯ ಹಿರಿಯರ ಅಂಗೈಯಲ್ಲಿ ಯಾವ ಅಳತೆಯಿದೆಯೋ ಅದನ್ನು ಈ ಹಬ್ಬದೊಳಗಾಗಿ ಕೇಳಿ ಬರೆದಿಡಿ. ಬರೆದ ಮೇಲೆ ಒಮ್ಮೆ ಮಾಡಿಯೂ ನೋಡಿ, ಗಂಡಸರೂ ಸೇರಿ. ಮೊದಲ ಸಲ ಸೀದರೆ ಕುಕ್ಕರನ್ನು ನೀವೇ ತಿಕ್ಕಿಬಿಡಿ.