ಮನೆ ಸೋಲಾರ್ ಮತ್ತು ಬ್ಯಾಟರಿ: ಕರ್ನಾಟಕದಲ್ಲಿ ಖರ್ಚು ಮತ್ತು ಉಳಿತಾಯ

ಮನೆಯ ತಾರಸಿಯ ಮೇಲೆ ಸೌರಫಲಕಗಳನ್ನು ಕೂರಿಸಿ, ಹಗಲು ತಯಾರಾದ ವಿದ್ಯುತ್ತಿನಲ್ಲಿ ಒಂದಷ್ಟನ್ನು ಬ್ಯಾಟರಿಯಲ್ಲಿ ಹಿಡಿದಿಟ್ಟು ರಾತ್ರಿಗೋ ಕರೆಂಟ್ ಹೋದ ಹೊತ್ತಿಗೋ ಬಳಸುವ ವ್ಯವಸ್ಥೆ ಇದು. ಫಲಕಗಳು, ಅವುಗಳ ಏಕಮುಖ ವಿದ್ಯುತ್ತನ್ನು ಮನೆಬಳಕೆಯ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರ್, ಬ್ಯಾಟರಿ ಮತ್ತು ಎರಡೂ ದಿಕ್ಕಿನಲ್ಲಿ ಎಣಿಸುವ ಮೀಟರ್ ಇದರ ಮುಖ್ಯ ಭಾಗಗಳು. ಹಣದ ಲೆಕ್ಕ ಹಾಕುವಾಗ ಫಲಕ ಮತ್ತು ಬ್ಯಾಟರಿಯನ್ನು ಎರಡು ಬೇರೆ ಖರೀದಿಗಳೆಂದೇ ನೋಡಬೇಕು. ಫಲಕ ಬಿಲ್ ಇಳಿಸುತ್ತದೆ, ಬ್ಯಾಟರಿ ಕತ್ತಲನ್ನು ತಡೆಯುತ್ತದೆ. ಮಾರುವವರು ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿದಾಗ, ಯಾವುದಕ್ಕೆ ಎಷ್ಟು ಕೊಟ್ಟೆವು, ಯಾವುದರಿಂದ ಏನು ಬಂತು ಎಂಬುದು ಮನೆಯವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ಕರ್ನಾಟಕದಲ್ಲಿ ಬ್ಯಾಟರಿ ಸಹಿತ ಸೋಲಾರ್ ಮೊದಲು ಬಂದದ್ದು ಹಳ್ಳಿಗಳಿಗೆ, ಬಿಲ್ ಉಳಿತಾಯದ ಯೋಚನೆಯೇ ಇಲ್ಲದೆ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಸಂಸ್ಥೆ, ತಂತಿ ತಲುಪದ ಅಥವಾ ತಲುಪಿಯೂ ಕರೆಂಟ್ ನೆಟ್ಟಗೆ ಬಾರದ ಮನೆಗಳಿಗೆ ಚಿಕ್ಕ ಫಲಕ, ಒಂದು ಬ್ಯಾಟರಿ, ಎರಡು ಮೂರು ದೀಪಗಳ ಜೋಡಣೆಯನ್ನು ಬ್ಯಾಂಕ್ ಸಾಲದ ಮೇಲೆ ಕೊಡಿಸಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೀಮೆಎಣ್ಣೆಗೆ ಹೋಗುತ್ತಿದ್ದ ದುಡ್ಡೇ ಕಂತಾಗುವ ಹಾಗೆ ಸಾಲವನ್ನು ಹೊಂದಿಸಿದ್ದು ಆ ಪ್ರಯತ್ನದ ಜೀವಾಳ. ಗ್ರಿಡ್‌ಗೆ ಜೋಡಿಸಿ ವಿದ್ಯುತ್ ಮಾರುವ ತಾರಸಿ ಸೋಲಾರ್ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. 2013ರ ಅಕ್ಟೋಬರ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಬ್ಸಿಡಿ ಪಡೆಯದ ತಾರಸಿ ಘಟಕಗಳಿಗೆ ಯೂನಿಟ್‌ಗೆ 9.56 ರೂಪಾಯಿ ದರ ಗೊತ್ತುಮಾಡಿತು. ಫಲಕಗಳ ಬೆಲೆ ಕುಸಿದಂತೆ ಆ ದರವೂ ಇಳಿಯುತ್ತ ಬಂತು.

ಫಲಕದ ಖರ್ಚು

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ’ ಈಗಿನ ಲೆಕ್ಕಗಳಿಗೆಲ್ಲ ಆಧಾರ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ವೆಚ್ಚ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿಗೆ ಸಬ್ಸಿಡಿ ನಿಲ್ಲುತ್ತದೆ. ಐದು ಕಿಲೋವ್ಯಾಟ್ ಹಾಕಿಸಿದರೂ ಸಿಗುವುದು ಅಷ್ಟೇ. ಫಲಕದ ಕೋಶಗಳು ಭಾರತದಲ್ಲೇ ತಯಾರಾದವು ಆಗಿರಬೇಕೆಂಬ ಷರತ್ತು ಇರುವುದರಿಂದ, ಇವುಗಳ ಬೆಲೆ ಆಮದು ಕೋಶಗಳ ಫಲಕಕ್ಕಿಂತ ಹೆಚ್ಚು. ಸಬ್ಸಿಡಿ ಕೈಸೇರುವುದು ಘಟಕ ಕೂರಿಸಿ, ಮೀಟರ್ ಹಾಕಿ, ಪರಿಶೀಲನೆ ಮುಗಿದ ಮೇಲೆ, ನೇರವಾಗಿ ಬ್ಯಾಂಕ್ ಖಾತೆಗೆ. ಅಲ್ಲಿಯವರೆಗೆ ಪೂರ್ತಿ ಹಣ ಮನೆಯವರೇ ಹೊಂದಿಸಬೇಕು. ಅದಕ್ಕೆ ಅಡಮಾನವಿಲ್ಲದೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ. ಬ್ಯಾಟರಿಗೆ ಈ ಯೋಜನೆಯಲ್ಲಿ ಸಬ್ಸಿಡಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಫಲಕಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಬ್ಯಾಟರಿಯ ಮೇಲೆ ಶೇ. 18 ಇದೆ.

ಮೂರು ಕಿಲೋವ್ಯಾಟ್‌ನ ಒಂದು ಘಟಕವನ್ನೇ ತೆಗೆದುಕೊಳ್ಳಬಹುದು. ಇದಕ್ಕೆ ನೆರಳಿಲ್ಲದ ಸುಮಾರು 300 ಚದರ ಅಡಿ ತಾರಸಿ ಬೇಕು. ಕಬ್ಬಿಣದ ಚೌಕಟ್ಟಿನ ಎತ್ತರ, ವೈರಿಂಗ್ ಉದ್ದ, ಫಲಕದ ದರ್ಜೆ ನೋಡಿಕೊಂಡು 1.6 ಲಕ್ಷದಿಂದ 2.1 ಲಕ್ಷ ರೂಪಾಯಿವರೆಗೆ ಹೇಳುತ್ತಾರೆ. ನಡುವಿನ 1.85 ಲಕ್ಷ ಹಿಡಿದು ಸಬ್ಸಿಡಿ ಕಳೆದರೆ ಸುಮಾರು 1.07 ಲಕ್ಷ ಉಳಿಯುತ್ತದೆ. ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಹಾಗಾಗಿ ಮೂರು ಕಿಲೋವ್ಯಾಟ್‌ಗೆ ತಿಂಗಳಿಗೆ ಸುಮಾರು 350, ವರ್ಷಕ್ಕೆ 4,200ರಷ್ಟು ಯೂನಿಟ್. 2025-26ರಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5.80 ರೂಪಾಯಿ. ಅದರ ಮೇಲೆ ಶೇ. 9 ವಿದ್ಯುತ್ ತೆರಿಗೆ, 36 ಪೈಸೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ ಸೇರಿ ಒಂದು ಯೂನಿಟ್ 6.70ರ ಆಸುಪಾಸಿಗೆ ಬರುತ್ತದೆ. ಅಷ್ಟೂ ಯೂನಿಟ್ ಮನೆಗೇ ಬೇಕಾಗುವುದಾದರೆ ವರ್ಷಕ್ಕೆ ಹತ್ತಿರ ಹತ್ತಿರ 28,000 ರೂಪಾಯಿ ಉಳಿತಾಯ, ನಾಲ್ಕು ವರ್ಷಕ್ಕೆ ಅಸಲು ವಾಪಸ್. ಫಲಕಗಳಿಗೆ 25 ವರ್ಷದ ಖಾತರಿ ಇರುತ್ತದೆ, ಉತ್ಪಾದನೆ ವರ್ಷಕ್ಕೆ ಅರ್ಧ ಶೇಕಡದಷ್ಟು ಕುಗ್ಗುತ್ತದೆ. ನಡುವೆ ಒಮ್ಮೆಯಾದರೂ ಇನ್ವರ್ಟರ್ ಬದಲಿಸಬೇಕಾದೀತು. ಅದನ್ನು ಸೇರಿಸಿದರೂ ಇಷ್ಟು ನಂಬಿಕೆಯ ಹೂಡಿಕೆ ಮಧ್ಯಮ ವರ್ಗದ ಮನೆಗೆ ಅಪರೂಪ. ಬಿಲ್ ಮಾತ್ರ ಪೂರ್ತಿ ಸೊನ್ನೆಯಾಗುವುದಿಲ್ಲ: ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ಕಟ್ಟುವ ನಿಗದಿತ ಶುಲ್ಕ ಸೂರ್ಯನಿಂದ ಕಡಿಮೆಯಾಗದು.

ಈ ಲೆಕ್ಕವನ್ನು ತಲೆಕೆಳಗು ಮಾಡುವ ಸಂಗತಿ ಕರ್ನಾಟಕದಲ್ಲಿ ಒಂದಿದೆ, ಅದು ಗೃಹಜ್ಯೋತಿ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ, 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಯೂನಿಟ್ ಸಾಮಾನ್ಯವಾಗಿ ಉಚಿತ, ಮಿತಿ 200. ಆ ಮಿತಿಯೊಳಗಿನ ಮನೆಗೆ ಬಿಲ್ ಬರುವುದೇ ಇಲ್ಲವಾದ್ದರಿಂದ, ಅಲ್ಲಿ ಫಲಕ ಉಳಿಸಿಕೊಡುವ ದುಡ್ಡೇ ಇರುವುದಿಲ್ಲ. ಸೋಲಾರ್‌ನ ಲಾಭ ಸ್ಪಷ್ಟವಾಗಿ ಕಾಣುವುದು ತಿಂಗಳಿಗೆ 300 ಯೂನಿಟ್ ದಾಟುವ ಮನೆಗಳಲ್ಲಿ: ಎಸಿ, ಗೀಸರ್, ಬೋರ್‌ವೆಲ್ ಮೋಟರ್ ಇರುವಲ್ಲಿ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವಲ್ಲಿ. ತಾರಸಿ ಇದೆ ಎಂಬ ಒಂದೇ ಕಾರಣಕ್ಕೆ ಕಡಿಮೆ ಬಳಕೆಯ ಮನೆಗೆ ಮೂರು ಕಿಲೋವ್ಯಾಟ್ ಹಾಕಿಸುವುದು ತಪ್ಪು ಸಲಹೆ, ಅದನ್ನು ತಪ್ಪೆಂದು ಹೇಳಲೇಬೇಕು.

ಬಿಸಿಲಿನ ಲೆಕ್ಕವೂ ಊರಿಂದ ಊರಿಗೆ ಬೇರೆ. ಕಲಬುರಗಿ, ವಿಜಯಪುರದ ಏಪ್ರಿಲ್ ಬಿಸಿಲಿಗೆ ಫಲಕದ ಮೈ 65 ಡಿಗ್ರಿಗೆ ಏರುತ್ತದೆ. 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.35 ಸಾಮರ್ಥ್ಯ ಕಡಿಮೆಯಾಗುವುದರಿಂದ, ಅಲ್ಲಿ ಶೇ. 14ರಷ್ಟು ಕಾವಿನಲ್ಲೇ ಹೋಗುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಜುಲೈ ತಿಂಗಳ ಉತ್ಪಾದನೆ ಬೇಸಿಗೆಯ ಮೂರನೇ ಒಂದು ಭಾಗಕ್ಕೂ ಇಳಿಯಬಹುದು. ಪಕ್ಕದ ತೆಂಗಿನ ಮರದ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಸರಣಿಯಾಗಿ ಜೋಡಿಸಿದ ಉಳಿದವೂ ಸೊರಗುತ್ತವೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಉಪ್ಪಿನ ಬಿಳಿ ಕಲೆ ಕೂತುಬಿಡುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸುವುದು ಒಳ್ಳೆಯದು.

ಬ್ಯಾಟರಿಯ ಖರ್ಚು

ಬ್ಯಾಟರಿ ಇಲ್ಲದ ಗ್ರಿಡ್ ಜೋಡಣೆಯ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಂತುಹೋಗುತ್ತದೆ, ನೆತ್ತಿಯ ಮೇಲೆ ಸೂರ್ಯನಿದ್ದರೂ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ಮನೆಯ ತಾರಸಿಯಿಂದ ಹರಿದ ವಿದ್ಯುತ್ ಹೊಡೆಯಬಾರದೆಂದು ಇನ್ವರ್ಟರನ್ನು ಹಾಗೆಯೇ ಮಾಡಿರುತ್ತಾರೆ. ಹಾಕಿಸಿಕೊಂಡ ಎಷ್ಟೋ ಮನೆಯವರಿಗೆ ಇದು ತಿಳಿಯುವುದು ಮೊದಲ ಸಲ ಕರೆಂಟ್ ಹೋದಾಗ. ಕರೆಂಟ್ ಹೋದಾಗಲೂ ಸೋಲಾರ್ ನಡೆಯಬೇಕಾದರೆ, ಗ್ರಿಡ್ ಮತ್ತು ಬ್ಯಾಟರಿ ಎರಡರ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಈ ಇನ್ವರ್ಟರ್‌ಗೇ ಸಾಮಾನ್ಯ ಇನ್ವರ್ಟರ್‌ಗಿಂತ 30,000ದಿಂದ 50,000 ರೂಪಾಯಿ ಹೆಚ್ಚು.

ಮನೆಗಳಲ್ಲಿ ಯುಪಿಎಸ್ ಜೊತೆ ಕಾಣುವ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಸೀಸ-ಆಮ್ಲದ್ದು. ಹನ್ನೆರಡು ವೋಲ್ಟ್ ಲೆಕ್ಕದಲ್ಲಿ ಅದರ ಹೊಟ್ಟೆ 1.8 ಯೂನಿಟ್, ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ. 16,000 ರೂಪಾಯಿಯ ಅಂಥ ಬ್ಯಾಟರಿಯನ್ನು ದಿನಾ ಬಳಸಿ 1,200 ಸುತ್ತು (ಒಮ್ಮೆ ಚಾರ್ಜ್ ಆಗಿ ಖಾಲಿಯಾಗುವುದು ಒಂದು ಸುತ್ತು) ಓಡಿಸಿದರೆ ಅದು ಕೊಡುವುದು 1,100 ಯೂನಿಟ್‌ಗಿಂತ ತುಸು ಕಡಿಮೆ. ಅಂದರೆ ಕೂಡಿಟ್ಟ ಒಂದೊಂದು ಯೂನಿಟ್‌ಗೂ 15 ರೂಪಾಯಿ. ಚಾರ್ಜ್ ಮಾಡುವಾಗ ಮತ್ತು ಬಳಸುವಾಗ ಕಾಲು ಭಾಗದಷ್ಟು ಸೋರಿಹೋಗುವುದು ಇದರ ಮೇಲೆ. ಕೆಲವು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಮರೆತರೆ ಆಯಸ್ಸು ಇನ್ನೂ ಕಡಿಮೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಕತೆ ಬೇರೆ. ಶೇ. 80ರಿಂದ 90ರವರೆಗೆ ಖಾಲಿ ಮಾಡಬಹುದು, 4,000 ಸುತ್ತು ದಾಟಿ ಬಾಳುತ್ತದೆ, ಸೋರಿಕೆ ಹತ್ತರಲ್ಲಿ ಒಂದಂಶದೊಳಗೆ. ಐದು ಯೂನಿಟ್ ಹಿಡಿಯುವ ಬ್ಯಾಟರಿಗೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಂಡು, ಹತ್ತು ವರ್ಷ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ತೆಗೆದರೆ 14,600 ಯೂನಿಟ್ ಆಗುತ್ತದೆ, ಯೂನಿಟ್‌ಗೆ ಸುಮಾರು 7 ರೂಪಾಯಿ. ಕೊಳ್ಳುವಾಗ ದುಬಾರಿ ಎನಿಸಿದ ಬ್ಯಾಟರಿ, ದಿನಬಳಕೆಯಲ್ಲಿ ಅಗ್ಗದ ಬ್ಯಾಟರಿಯ ಅರ್ಧ ಬೆಲೆಗೆ ವಿದ್ಯುತ್ ಕೊಡುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಕರೆಂಟ್ ಹೋಗುವ ಬಡಾವಣೆಯ ಮನೆಗೆ ಮಾತ್ರ ಹಳೆಯ ಟ್ಯೂಬುಲರ್ ಸಾಕು, ಅಲ್ಲಿ ಬ್ಯಾಟರಿ ಸವೆಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಮೊದಲು.

ಲಿಥಿಯಂ ಬ್ಯಾಟರಿಯ ಆ 7 ರೂಪಾಯಿಯನ್ನು ನೆಟ್ ಮೀಟರಿಂಗ್ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಈ ಪದ್ಧತಿಯಲ್ಲಿ ಮೀಟರ್ ಮನೆಗೆ ಬಂದ ಯೂನಿಟ್ ಮತ್ತು ಮನೆಯಿಂದ ಹೋದ ಯೂನಿಟ್ ಎರಡನ್ನೂ ದಾಖಲಿಸುತ್ತದೆ, ಬಿಲ್ ಬರುವುದು ವ್ಯತ್ಯಾಸಕ್ಕೆ. ಮಧ್ಯಾಹ್ನ ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗೆ ಕೊಟ್ಟ ಯೂನಿಟ್ ರಾತ್ರಿ ಪೂರ್ತಿ ಬೆಲೆಗೆ ವಾಪಸ್ ಸಿಗುತ್ತದೆ, ಇಟ್ಟುಕೊಂಡದ್ದಕ್ಕೆ ಬಾಡಿಗೆ ಇಲ್ಲ. ಅದೇ ಯೂನಿಟ್ಟನ್ನು ಬ್ಯಾಟರಿಯಲ್ಲಿಟ್ಟರೆ 7 ರೂಪಾಯಿ ಖರ್ಚು. ಹೊಂದಾಣಿಕೆಯಾದ ಮೇಲೂ ಉಳಿಯುವ ಯೂನಿಟ್‌ಗೆ ಕಂಪನಿ ಕೊಡುವ ದರ ಕಡಿಮೆ, ನಾಲ್ಕು ರೂಪಾಯಿಯ ಒಳಗೆ. ಹಾಗಿದ್ದೂ ಕೊಳ್ಳುವ ದರಕ್ಕೂ ಈ ದರಕ್ಕೂ ಇರುವ ವ್ಯತ್ಯಾಸ ಬ್ಯಾಟರಿಯ ಖರ್ಚನ್ನು ತುಂಬುವುದಿಲ್ಲ. ನೆಟ್ ಮೀಟರಿಂಗ್ ಇರುವವರೆಗೆ ಕರ್ನಾಟಕದ ಮನೆಯೊಂದಕ್ಕೆ ಬ್ಯಾಟರಿಯಿಂದ ಬಿಲ್ ಉಳಿತಾಯ ಎಂಬುದು ಇಲ್ಲ. ‘ಬ್ಯಾಟರಿಯೂ ಐದು ವರ್ಷದಲ್ಲಿ ದುಡ್ಡು ವಾಪಸ್ ಕೊಡುತ್ತದೆ’ ಎನ್ನುವ ಮಾರಾಟದ ಮಾತು ಈ ಅಂಕಿಗಳ ಮುಂದೆ ನಿಲ್ಲದು.

ಬ್ಯಾಟರಿಯ ನಿಜವಾದ ಬೆಲೆ ಕರೆಂಟ್ ಇಲ್ಲದ ಗಂಟೆಗಳಲ್ಲಿದೆ. ಜನರೇಟರ್‌ನಲ್ಲಿ ಒಂದು ಲೀಟರ್ ಡೀಸೆಲ್‌ಗೆ ಮೂರು ಯೂನಿಟ್ ಹುಟ್ಟಿದರೆ ಹೆಚ್ಚು. ಲೀಟರ್‌ಗೆ 90 ರೂಪಾಯಿ ಎಂದರೂ ಯೂನಿಟ್‌ಗೆ 30 ಆಯಿತು, ಸದ್ದು ಹೊಗೆ ಬೇರೆ. ಮನೆಯಲ್ಲೇ ಹೊಲಿಗೆ ಮಾಡುವವರಿಗೆ, ಜೆರಾಕ್ಸ್ ಅಂಗಡಿಗೆ, ಇನ್ಸುಲಿನ್ ಫ್ರಿಜ್‌ನಲ್ಲಿಡಬೇಕಾದವರಿಗೆ, ಆಕ್ಸಿಜನ್ ಯಂತ್ರದ ಮೇಲಿರುವ ಹಿರಿಯರಿರುವ ಮನೆಗೆ ಬ್ಯಾಟರಿಯನ್ನು ಬಿಲ್ಲಿನ ಲೆಕ್ಕದಿಂದ ಅಳೆಯುವುದೇ ಸರಿಯಲ್ಲ. ಎಷ್ಟು ದೊಡ್ಡದು ಬೇಕೆಂಬುದು ಕರೆಂಟ್ ಹೋದಾಗ ಏನೇನು ನಡೆಯಲೇಬೇಕು ಎಂಬುದರ ಮೇಲಿದೆ. ಕಡಿಮೆ ಕರೆಂಟ್ ಎಳೆಯುವ ಮೂರು ಬಿಎಲ್‌ಡಿಸಿ ಫ್ಯಾನ್, ಐದಾರು ಎಲ್‌ಇಡಿ ದೀಪ, ಟಿವಿ, ವೈಫೈ ಎಲ್ಲ ಸೇರಿ 300 ವ್ಯಾಟ್ ಒಳಗೆ ಬರುತ್ತವೆ, ನಾಲ್ಕು ಗಂಟೆಗೆ 1.2 ಯೂನಿಟ್. ಫ್ರಿಜ್ ಸೇರಿದರೆ ಇನ್ನಷ್ಟು. ಗೀಸರನ್ನೂ ಬೋರ್‌ವೆಲ್ ಮೋಟರನ್ನೂ ಬ್ಯಾಟರಿಯ ಲೈನ್‌ನಿಂದ ಹೊರಗಿಟ್ಟರೆ ಖರ್ಚು ಬಹಳ ಇಳಿಯುತ್ತದೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಹಲವು ಪಟ್ಟು ಜಾಸ್ತಿ, ಅದೊಂದಕ್ಕಾಗಿಯೇ ಇನ್ವರ್ಟರ್ ದೊಡ್ಡದು ಕೊಳ್ಳಬೇಕಾಗುತ್ತದೆ.

ಮಲೆನಾಡಿನ ಒಂಟಿಮನೆಗಳ ಕಷ್ಟ ಬೇರೆ ತರಹದ್ದು. ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಬರುವುದು ದಿನಗಟ್ಟಲೆ ತಡ, ಫಲಕ ಹೆಚ್ಚೇನೂ ಕೊಡದ ದಿನಗಳೂ ಅವೇ. ಅಲ್ಲಿ ಒಂದು ರಾತ್ರಿಗೆ ಸಾಕಾಗುವ ಬ್ಯಾಟರಿ ಎರಡನೇ ದಿನಕ್ಕೆ ಬರಿದು. ಎರಡು ಮೂರು ದಿನದ ದೀಪ, ಫೋನಿಗೆ ಆಗುವಷ್ಟು ಬ್ಯಾಟರಿ ಇಟ್ಟುಕೊಂಡು, ಕರೆಂಟ್ ಇದ್ದಾಗ ಗ್ರಿಡ್‌ನಿಂದಲೂ ಚಾರ್ಜ್ ಆಗುವ ಹಾಗೆ ಮಾಡಿಸುವುದು ಅಲ್ಲಿಗೆ ಹೊಂದುತ್ತದೆ.

ದರ ಬದಲಾದರೆ

ಬ್ಯಾಟರಿಗೆ ಲಾಭ ತರುವುದು ವಿದ್ಯುತ್ ದರದ ಕಟ್ಟಳೆ. ಜರ್ಮನಿಯಲ್ಲಿ ಮನೆಯವರು ಕೊಳ್ಳುವ ದರ, ಅವರು ಗ್ರಿಡ್‌ಗೆ ಕೊಟ್ಟದ್ದಕ್ಕೆ ಸಿಗುವ ದರಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗಾಗಿ ಅಲ್ಲಿ ಹೊಸ ಸೋಲಾರ್ ಜೊತೆ ಬ್ಯಾಟರಿ ಹಾಕಿಸುವುದು ಸಾಮಾನ್ಯ. ಕ್ಯಾಲಿಫೋರ್ನಿಯಾ 2023ರ ಏಪ್ರಿಲ್‌ನಲ್ಲಿ ನೆಟ್ ಮೀಟರಿಂಗ್ ಬಿಟ್ಟು ಹೊಸ ಪದ್ಧತಿಗೆ ಹೋಗಿ, ಗ್ರಿಡ್‌ಗೆ ಕೊಡುವ ಯೂನಿಟ್‌ನ ಬೆಲೆಯನ್ನು ಸುಮಾರು ಮುಕ್ಕಾಲು ಪಾಲು ಇಳಿಸಿತು, ಬ್ಯಾಟರಿ ಕೊಳ್ಳುವವರ ಸಂಖ್ಯೆ ಒಮ್ಮೆಲೇ ಏರಿತು. ಆಸ್ಟ್ರೇಲಿಯಾ ಸರ್ಕಾರ 2025ರ ಜುಲೈನಿಂದ ಮನೆ ಬ್ಯಾಟರಿಗಳಿಗೇ ಸುಮಾರು ಶೇ. 30 ರಿಯಾಯಿತಿ ಕೊಡುತ್ತಿದೆ. ಅಲ್ಲೆಲ್ಲ ನೆಲೆಸಿರುವ ಬಂಧುಗಳ ಅನುಭವ ಕೇಳಿ ಬೆಂಗಳೂರಿನಲ್ಲಿ ಬ್ಯಾಟರಿ ಕೊಳ್ಳುವವರು ಈ ದರಭೇದವನ್ನು ಮರೆಯಬಾರದು.

ಭಾರತದಲ್ಲೂ ಗಾಳಿ ಆ ಕಡೆಗೆ ತಿರುಗುತ್ತಿದೆ. ಕೇಂದ್ರದ 2023ರ ನಿಯಮಗಳ ಪ್ರಕಾರ ಸ್ಮಾರ್ಟ್ ಮೀಟರ್ ಇರುವಲ್ಲಿ ಬಿಸಿಲಿನ ಗಂಟೆಗಳ ದರ ಕನಿಷ್ಠ ಶೇ. 20 ಕಡಿಮೆ, ಹೆಚ್ಚು ಬೇಡಿಕೆಯ ಗಂಟೆಗಳಲ್ಲಿ ಮನೆಗಳಿಗೆ ಕನಿಷ್ಠ ಶೇ. 10 ಹೆಚ್ಚು ಇರಬೇಕು. 5.80ರ ದರಕ್ಕೆ ಇದನ್ನು ಹಾಕಿದರೆ ಮಧ್ಯಾಹ್ನ 4.64, ಸಂಜೆ 6.38 ಆಗುತ್ತದೆ. ಅಂತರ 1.74 ರೂಪಾಯಿ ಮಾತ್ರ, 7 ರೂಪಾಯಿಯ ಬ್ಯಾಟರಿಗೆ ಇದು ಏನೂ ಸಾಲದು. ಈಗ ಹಾಕಿಸುವವರು ಇನ್ವರ್ಟರನ್ನು ಮಾತ್ರ ಬ್ಯಾಟರಿ ಸೇರಿಸಲು ಬರುವಂಥದ್ದು ಆರಿಸಿ, ಬ್ಯಾಟರಿಯನ್ನು ಬೆಲೆ ಇಳಿದಾಗ ಕೊಳ್ಳಲು ಬಿಟ್ಟರೆ ನಷ್ಟವಿಲ್ಲ.

ಆಯಸ್ಸು ಮುಗಿದ ಮೇಲೆ ಟ್ಯೂಬುಲರ್ ಬ್ಯಾಟರಿಗೆ ಗುಜರಿ ಬೆಲೆ ಇದೆ. ಹಳೆಯದನ್ನು ಕೊಟ್ಟರೆ ಅಂಗಡಿಯವರು ಹೊಸದರ ಬೆಲೆಯಲ್ಲಿ ಸೀಸದ ಬಾಬ್ತು ಕಳೆಯುತ್ತಾರೆ, ಇದನ್ನು ಲೆಕ್ಕದಲ್ಲಿ ಹಿಡಿಯಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಸೇರಿ ಎಲ್ಲ ಬಗೆಯ ಬ್ಯಾಟರಿಗಳನ್ನು ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಸೌರಫಲಕಗಳು ಅದೇ ವರ್ಷದ ಇ-ತ್ಯಾಜ್ಯ ನಿಯಮಗಳಡಿ ಬರುತ್ತವೆ. ಲಿಥಿಯಂ ಬ್ಯಾಟರಿ ಕೊಳ್ಳುವಾಗ ಖಾತರಿ ಚೀಟಿಯ ಜೊತೆಗೆ, ಹಳೆಯದನ್ನು ವಾಪಸ್ ಪಡೆಯುವವರು ಯಾರು ಎಂಬುದನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು.