ನಮ್ಮ ಮನೆಯ ಮೂರು ಅರ್ಜಿಗಳು

2025ರ ಆಗಸ್ಟಿನ ಒಂದು ಭಾನುವಾರ. ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಬ್ಯಾಂಕ್ ಪರೀಕ್ಷೆಗೆ ಅರ್ಜಿ ತುಂಬುತ್ತಿದ್ದಳು. "ಅಪ್ಪಾ, ರಾಜ್ಯ ಯಾವುದು ಹಾಕಲಿ? ಒಂದೇ ಹಾಕ್ಲಿಕ್ಕೆ ಆಗೋದು" ಎಂದಳು. ನಾನು ಚಹಾ ಕುಡಿಯುತ್ತಾ ಯೋಚಿಸದೆ "ಕರ್ನಾಟಕ ಹಾಕು" ಎಂದುಬಿಟ್ಟೆ. "ಅಲ್ಲಿಗೆ ಕನ್ನಡ ಓದಲು, ಬರೆಯಲು ಬರಬೇಕಂತೆ" ಎಂದಳು. ನಾನು ಲೋಟ ಕೆಳಗಿಟ್ಟೆ.

ಬ್ಯಾಂಕ್ ಕೆಲಸ ಸರ್ಕಾರಿ ಕೆಲಸವೋ ಅಲ್ಲವೋ ಎಂದು ಕಾನೂನು ಬಲ್ಲವರು ವಾದ ಮಾಡಬಹುದು. ನಮ್ಮ ಕರಾವಳಿಯ ಕಡೆ ಹೆಣ್ಣು ಕೊಡುವವರಿಗೆ ಆ ಅನುಮಾನ ಎಂದೂ ಇರಲಿಲ್ಲ! ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಮೂರು ಅರ್ಜಿಗಳು ಹೋಗಿವೆ. ಮೊದಲನೆಯದು ಚಿಕ್ಕಪ್ಪನದು, 1964ರಲ್ಲಿ.

ಚಿಕ್ಕಪ್ಪ ಮುಂಬಯಿಗೆ ಬಂದದ್ದು ಕೋಟೆಯ (ಫೋರ್ಟಿಗೆ ನಮ್ಮವರು ಹಾಗೆಯೇ ಹೇಳುವುದು) ಹೋಟೆಲೊಂದಕ್ಕೆ. ಹಗಲು ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಎಸ್ಸೆಸ್ಸಿ ಪಾಸು ಮಾಡಿದರು. ಅಂಥ ಶಾಲೆಗಳಿಂದ ಎಷ್ಟು ಜನ ಗುಮಾಸ್ತರು ಹೊರಬಂದರು ಎಂಬುದನ್ನು ಯಾರಾದರೂ ಕೂತು ಬರೆಯಬೇಕು. "ಪರೀಕ್ಷೆ ಎಂತದ್ದು ಮಾರಾಯ? ಊರಿನ ಶಾನುಭೋಗರ ಚೀಟಿ ತೋರಿಸಿದೆ. ಮ್ಯಾನೇಜರು ಒಂದು ಉದ್ದದ ಲೆಕ್ಕ ಕೂಡಿಸಲಿಕ್ಕೆ ಕೊಟ್ಟರು. ಅಕ್ಷರ ಚಂದ ಉಂಟಾ ಅಂತ ನೋಡಿದರು. ಸೋಮವಾರ ಬಾ ಅಂದರು" ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಮುಗಿಯಿತು ಆಯ್ಕೆ.

ಆ ಕಾಲದ ಖಾಸಗಿ ಬ್ಯಾಂಕಿಗೆ ಅದರಲ್ಲಿ ಒಂದು ತರ್ಕವಿತ್ತು. 1906ರ ಕೆನರಾ, ಕಾರ್ಪೊರೇಷನ್, 1925ರ ಸಿಂಡಿಕೇಟ್, 1931ರ ವಿಜಯಾ, ಎಲ್ಲವೂ ಪರಿಚಯದ ನಂಬಿಕೆಯ ಮೇಲೆ ಎದ್ದವು. ಠೇವಣಿ ಇಡುವವರು ಗುರುತಿನವರು, ಸಾಲ ಪಡೆಯುವವರೂ ಗುರುತಿನವರು. ನಗದು ಮುಟ್ಟುವ ಹುಡುಗ ಮಾತ್ರ ಗುರುತಿಲ್ಲದವನಾದರೆ ಹೇಗೆ? ಹುಡುಗ ತಪ್ಪು ಮಾಡಿದರೆ ಚೀಟಿ ಕೊಟ್ಟವರ ಮಾನ ಹೋಗುತ್ತಿತ್ತು. ಆದರೆ ಶಾನುಭೋಗರ ಪರಿಚಯವಿಲ್ಲದ ಮನೆಯ ಹುಡುಗ ಆ ಬಾಗಿಲ ಹತ್ತಿರವೂ ಸುಳಿಯುವಂತಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟುವ ಹೊತ್ತಿಗೆ 'ಮಾರ್ಮಿಕ್' ವಾರಪತ್ರಿಕೆ ಇಲ್ಲಿನ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿ ಹಾಕುತ್ತಿತ್ತು. ನಮ್ಮವರು ಹೆದರಿದರು, ಪೆಟ್ಟು ತಿಂದರು. ಅದಕ್ಕೆ ಸಮರ್ಥನೆ ಇಲ್ಲ. ಆದರೂ ನಮ್ಮ ಚೀಟಿಗಳು ಆ ಸಿಟ್ಟಿಗೆ ಒಂದಿಷ್ಟು ಸೌದೆ ಒದಗಿಸಿರಬಹುದು ಎಂದು ನನಗೆ ಅನ್ನಿಸುವುದುಂಟು.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, 1980ರಲ್ಲಿ ಇನ್ನೂ 6. ಯಜಮಾನ ಸರ್ಕಾರವಾದ ಮೇಲೆ ಚೀಟಿ ನಡೆಯುವಂತಿಲ್ಲ, ಸಂವಿಧಾನದ 16ನೇ ವಿಧಿಯ ಸಮಾನ ಅವಕಾಶ ಬಂತು, ಪರಿಶಿಷ್ಟರಿಗೆ ಮೀಸಲಾತಿ ಬಂತು. 1975ರಲ್ಲಿ ಬ್ಯಾಂಕುಗಳಿಗೆಂದೇ ಒಂದು ಸೇವಾ ಆಯೋಗದ ಕಾನೂನಾಯಿತು. ಜನತಾ ಸರ್ಕಾರ ಬಂದು ಅದನ್ನು ತೆಗೆದುಹಾಕಿತು. ಆಮೇಲೆ ಬಂದದ್ದು ಬಿ.ಎಸ್.ಆರ್.ಬಿ., ಅಂದರೆ ಪ್ರದೇಶವಾರು ನೇಮಕಾತಿ ಮಂಡಳಿಗಳು. ನನ್ನ ವಯಸ್ಸಿನವರಿಗೆ ಈ ನಾಲ್ಕಕ್ಷರ ಕೇಳಿದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

1988ರಲ್ಲಿ ಬಿ.ಕಾಂ. ಮುಗಿಸಿ ಚಿಕ್ಕಪ್ಪನ ಒಂದೇ ಕೋಣೆಯ ಮನೆಗೆ ಬಂದಿಳಿದೆ. ಎಂಪ್ಲಾಯ್‌ಮೆಂಟ್ ನ್ಯೂಸ್ ನೋಡುವುದು, ಪೋಸ್ಟಲ್ ಆರ್ಡರ್ ಕೊಳ್ಳುವುದು, ಫೋಟೋ ಅಂಟಿಸುವುದು, ಪೋಸ್ಟ್‌ಮ್ಯಾನ್ ದಾರಿ ಕಾಯುವುದು. ಪರೀಕ್ಷೆಯಲ್ಲಿ ಪೆನ್ಸಿಲಿನಿಂದ ಗೋಲ ತುಂಬಬೇಕು. ಚಂದದ ಅಕ್ಷರಕ್ಕೆ ಅಲ್ಲಿ ಬೆಲೆ ಇಲ್ಲ ಎಂದು ತಿಳಿದು ಚಿಕ್ಕಪ್ಪನಿಗೆ ಬಹಳ ಬೇಸರವಾಗಿತ್ತು! ಎರಡು ಸಲ ಸೋತು ಮೂರನೆಯ ಸಲ ಸಂದರ್ಶನಕ್ಕೆ ಕರೆ ಬಂತು. "ನಿಮ್ಮ ಕಡೆಯವರೆಲ್ಲ ಬ್ಯಾಂಕಿಗೇ ಯಾಕೆ ಬರುತ್ತೀರಿ?" ಎಂದು ಕೇಳಿದರು. "ಹೋಟೆಲು, ಬ್ಯಾಂಕು, ಎರಡೇ ಗೊತ್ತು ಸಾರ್" ಎಂದೆ. ನಕ್ಕರು. 1991ರಲ್ಲಿ ಕೆಲಸ ಸಿಕ್ಕಿತು. ನನ್ನ ಉತ್ತರಪತ್ರಿಕೆ ನೋಡಿದ ಯಂತ್ರಕ್ಕೆ ನನ್ನ ಅಪ್ಪ ಯಾರೆಂದು ಗೊತ್ತಿರಲಿಲ್ಲ. ಆ ಋಣ ನನಗಿದೆ.

ಆದರೆ ಪರೀಕ್ಷೆಯೊಂದೇ ಎಲ್ಲರನ್ನೂ ಸಮ ಮಾಡುತ್ತದೆಯೇ? ಇದು ನಮ್ಮ ಮೈಸೂರಿನ ಹಳೆಯ ಪ್ರಶ್ನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದು ಇದಕ್ಕಾಗಿಯೇ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಅರ್ಹತೆ ಕೆಡುತ್ತದೆ ಎಂಬ ಅಳುಕು ದಿವಾನ್ ವಿಶ್ವೇಶ್ವರಯ್ಯನವರದು.

ನಾನು ಎಷ್ಟೋ ದಿನ ದಿವಾನರ ಪಕ್ಷದಲ್ಲೇ ಇದ್ದೆ. ಮಂಡಳಿಗಳು 2001ರಲ್ಲಿ ಮುಚ್ಚಿದವು, ಬ್ಯಾಂಕುಗಳು ತಾವೇ ಆಯ್ಕೆ ಶುರುಮಾಡಿದವು. ಅಂಥದೊಂದು ಸಂದರ್ಶನದಲ್ಲಿ ಕಡತ ಹಿಡಿದು ಕೂರುವ ಕೆಲಸ ನನಗೆ ಬಿತ್ತು. ವಿಜಯಪುರದ ಕಡೆಯ ಹುಡುಗನೊಬ್ಬ ಬಂದ. ಲಿಖಿತದಲ್ಲಿ ಅಂದು ಬಂದವರಲ್ಲೆಲ್ಲ ಹೆಚ್ಚು ಅಂಕ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಬಾಯಿ ಕಟ್ಟಿತು. ನನ್ನ ಕಡತದ ಮೇಲಿನ ಹೆಸರು ನೋಡಿ ಕನ್ನಡದವನೆಂದು ತಿಳಿದನೋ ಏನೋ, ಒಮ್ಮೆ ನನ್ನತ್ತ ನೋಡಿದ. "ಸಾರ್, ಇವನಿಗೆ ಹಿಂದಿಯಲ್ಲಿ ಕೇಳೋಣ" ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಐದೇ ನಿಮಿಷ, ಅವನು ಎದ್ದು ಹೋದ. ಆಯ್ಕೆಯಾದವರ ಪಟ್ಟಿಯಲ್ಲಿ ಅವನಿರಲಿಲ್ಲ.

2016ರಿಂದ ಗುಮಾಸ್ತೆ ಹುದ್ದೆಗೆ ಸಂದರ್ಶನವೇ ಇಲ್ಲ. ಸುದ್ದಿ ಓದಿದ ದಿನ ನಮ್ಮ ಶಾಖೆಯಲ್ಲಿ ಕೆಲವರು "ಇನ್ನು ಗುಣಮಟ್ಟ ಹೋಯಿತು" ಎಂದು ಗೊಣಗಿದರು. ನನಗೆ ಆ ಹುಡುಗನ ಮುಖವೇ ಕಣ್ಣೆದುರು ಬಂತು.

ಈಗಿನದು ಪುಣೆ ಅಲ್ಲ, ಮುಂಬಯಿಯ ಐ.ಬಿ.ಪಿ.ಎಸ್. ನಡೆಸುವ ಸಾಮಾನ್ಯ ಪರೀಕ್ಷೆ, 2011ರಿಂದ. ಸ್ಟೇಟ್ ಬ್ಯಾಂಕ್ ಬಿಟ್ಟು ಉಳಿದ ಸರ್ಕಾರಿ ಬ್ಯಾಂಕುಗಳಿಗೆಲ್ಲ ಒಂದೇ ಅರ್ಜಿ. ಕಂಪ್ಯೂಟರಿನಲ್ಲಿ ಉತ್ತರ, ತಪ್ಪಿಗೆ ಕಾಲು ಅಂಕ ಕಡಿತ. ಕ್ಲಾರ್ಕ್ ಎಂಬ ಹೆಸರೂ 2025ರಲ್ಲಿ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಆಗಿದೆ. ಈಗ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಯಾವ ರಾಜ್ಯದ ಹುದ್ದೆಗೆ ಅರ್ಜಿಯೋ ಆ ರಾಜ್ಯದ ಭಾಷೆ ಬರಬೇಕು. ನ್ಯಾಯವೇ. ಕೌಂಟರಿಗೆ ಬರುವ ಅಜ್ಜಿಯ ಮಾತು ಗುಮಾಸ್ತನಿಗೆ ತಿಳಿಯಬೇಡವೇ?

ಮಗಳು ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಓದಲು ಕಲಿಸಬೇಕೆಂದು ಪ್ರತಿ ಮೇ ರಜೆಯಲ್ಲೂ ಅಂದುಕೊಂಡಿದ್ದೆ. ಪ್ರತಿ ಮೇನಲ್ಲೂ ಶಾಖೆಯಲ್ಲಿ ಕೆಲಸ ಹೆಚ್ಚಿತ್ತು. ಮರಾಠಿ ಅವಳು ಶಾಲೆಯಲ್ಲೇ ಕಲಿತವಳು.

"ಮಹಾರಾಷ್ಟ್ರ ಹಾಕಲಾ ಅಪ್ಪಾ?" ಎಂದಳು. "ಹಾಕು" ಎಂದೆ. ಭಾಷೆಯ ಸಾಲಿನಲ್ಲಿ ಮರಾಠಿ ಎಂದು ತುಂಬಿದಳು. ಅಂದು ರಾತ್ರಿ ಊಟವಾದ ಮೇಲೆ ಒಂದು ಹಳೆಯ ನೋಟುಪುಸ್ತಕ ತಂದು ಎದುರು ಇಟ್ಟು, "ಅ ಬರೆದು ತೋರಿಸು" ಎಂದಳು.