ಮೊಗ್ಗಿಗೆ ಬೇಕಾದ ಚಳಿ

ಮುನ್ನಾರಿನಿಂದ ಕೊಚ್ಚಿಗೆ ಸುಮಾರು 130 ಕಿಲೋಮೀಟರ್ ದಾರಿ. ಗಿಡದ ಲೆಕ್ಕದಲ್ಲಿ ಅದು 1500 ಮೀಟರ್ ಇಳಿಜಾರು. ಮೊಗ್ಗು ತುಂಬಿದ ಸಿಂಬಿಡಿಯಂ ಆರ್ಕಿಡ್ ಒಂದನ್ನು ಅಲ್ಲಿಂದ ಕಾರಿನ ಹಿಂದಿನ ಸೀಟಿನಲ್ಲಿಟ್ಟು ತಂದವರಿಗೆ ಮುಂದಿನ ಕಥೆ ಗೊತ್ತು. ಒಂದೆರಡು ದಿನ ಏನೂ ಆಗುವುದಿಲ್ಲ. ಆಮೇಲೆ ಮೊಗ್ಗುಗಳು ಒಂದೊಂದೇ ಹಳದಿಗೆ ತಿರುಗಿ, ಬಿರಿಯದೆ ಉದುರುತ್ತವೆ. ನೀರು ಸಾಲಲಿಲ್ಲವೇನೋ ಎಂದು ಮನೆಯವರು ಇನ್ನೊಂದು ಚೆಂಬು ಸುರಿಯುತ್ತಾರೆ. ಆಗ ಬೇರೂ ಕೊಳೆಯಲು ಶುರು.

ತಪ್ಪು ನೀರಿನದಲ್ಲ, ರಾತ್ರಿಯದು. ಅಂಗಡಿಯಲ್ಲಿ ಸಿಗುವ ದೊಡ್ಡ ಹೂವಿನ ಸಿಂಬಿಡಿಯಂಗಳು ಹಿಮಾಲಯದಿಂದ ವಿಯೆಟ್ನಾಂವರೆಗಿನ ಬೆಟ್ಟಗಳ ಜಾತಿಗಳನ್ನು ಬೆರೆಸಿ ಮಾಡಿದ ತಳಿಗಳು. ಹೂಗೊಂಚಲು ಹೊರಡಲು ಅವಕ್ಕೆ 10ರಿಂದ 15 ಡಿಗ್ರಿಯ ರಾತ್ರಿಗಳು ಬೇಕು. ಹೊರಟ ಮೊಗ್ಗು ಅರಳುವವರೆಗೂ ತಂಪು ಬೇಕು. ಹಗಲು ಎಲೆ ಮಾಡಿಟ್ಟ ಸಕ್ಕರೆಯನ್ನು ಬಿಸಿ ರಾತ್ರಿಯ ಉಸಿರಾಟ ತಿಂದುಹಾಕುತ್ತದೆ, ಮೊಗ್ಗಿಗೆ ಉಳಿಯುವುದು ಕಡಿಮೆ. ಕೊಚ್ಚಿಯಲ್ಲಿ ಜನವರಿಯ ನಡುರಾತ್ರಿಯೂ 22, 23 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ.

ಹಾಗೆಂದು ಕೊಚ್ಚಿ ಆರ್ಕಿಡ್‌ಗೆ ಒಗ್ಗದ ಊರಲ್ಲ. ಭಾರತದ ಆರ್ಕಿಡ್‌ಗಳು ಯುರೋಪಿನ ಪುಸ್ತಕಕ್ಕೆ ಸೇರಿದ್ದರಲ್ಲಿ ಈ ಊರಿನ ಪಾಲು ದೊಡ್ಡದು. ಡಚ್ಚರ ಗವರ್ನರ್ ಹೆಂಡ್ರಿಕ್ ವಾನ್ ರೀಡ್ ಇಲ್ಲಿ ಕೂತು ಮಾಡಿಸಿದ ‘ಹೊರ್ಟುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಹೇಳಿದ ಗಿಡಗಳು ಅದರಲ್ಲಿವೆ. ಕೊನೆಯ ಸಂಪುಟದಲ್ಲಿ ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳಿಗೆಲ್ಲ ‘ಮರವರ’ ಎಂಬ ಹೆಸರು. ಇದು ಮಲಯಾಳದ ‘ಮರವಾೞ’, ಅಂದರೆ ಮರದ ಬಾಳೆ. ಹಳಗನ್ನಡದಲ್ಲೂ ಇದ್ದ, ಈಗ ಕನ್ನಡ ಕಳೆದುಕೊಂಡಿರುವ ೞ ಧ್ವನಿ ಡಚ್ಚರ ಕಿವಿಗೆ ರಕಾರವಾಗಿ ಬಿದ್ದಿದೆ. ಕನ್ನಡದ ‘ಮರಬಾಳೆ’ಯೂ ಅದೇ ಮಾತು.

ಮರವರದ ಮುಂದೆ ಅದು ಕೂರುವ ಮರದ ಹೆಸರು ಬರುತ್ತದೆ. ಆಞ್ಞಿಲಿ, ಅಂದರೆ ಹೆಬ್ಬಲಸಿನ ಮೇಲಿನದು ಒಂದು. ಅದೇ ಮಲೆನಾಡಿನ ಸೀತಾಳೆ ದಂಡೆ. ಕಾಞ್ಞಿರದ ಮೇಲಿನದು ಇನ್ನೊಂದು. ಕಾಞ್ಞಿರ ಎಂದರೆ ಕಾಸರಕ; ಕಾಸರಗೋಡಿನ ಹೆಸರಿಗೆ ಈ ಮರವೇ ಮೂಲ ಎನ್ನುವವರಿದ್ದಾರೆ. ತಮಾಷೆಯೆಂದರೆ ಕಾಸರಕದ ಮರಬಾಳೆಯೂ ಸಿಂಬಿಡಿಯಂ ಕುಲದ್ದೇ. ಮುನ್ನಾರಿನ ಕುಂಡದಲ್ಲಿರುವುದರ ದಾಯಾದಿ, ಆದರೆ ಬಯಲುಸೀಮೆಯ ಸೆಕೆಯಲ್ಲೇ ಜೋತುಬಿದ್ದು ಹೂಬಿಡುತ್ತದೆ. ಕುಲ ಒಂದೇ ಆದರೆ ಹವೆಯೂ ಒಂದೇ ಎಂದುಕೊಂಡರೆ ಕೆಟ್ಟಿತು.

ಈ ತಪ್ಪನ್ನು ಭಾರೀ ಖರ್ಚಿನಲ್ಲಿ ಮಾಡಿದವರು ಇಂಗ್ಲಿಷರು. 19ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಶ್ರೀಮಂತರು ಉಷ್ಣವಲಯದ ಆರ್ಕಿಡ್‌ಗಳನ್ನು ಹಡಗುಗಟ್ಟಲೆ ತರಿಸಿ, ಗಾಜಿನ ಮನೆಯ ಕಿಟಕಿ ಮುಚ್ಚಿ, ಒಲೆ ಉರಿಸಿ, ಹಬೆಯಲ್ಲಿ ಬೇಯಿಸಿದರು. ಉಷ್ಣವಲಯ ಎಂದರೆ ಉಷ್ಣ, ಅಷ್ಟೇ ತಿಳಿವಳಿಕೆ. ಬೆಟ್ಟದ ಗಿಡಗಳು ಸಾವಿರಗಟ್ಟಲೆ ಸತ್ತವು. ಚಾಟ್ಸ್‌ವರ್ತ್ ತೋಟದ ಜೋಸೆಫ್ ಪ್ಯಾಕ್ಸ್‌ಟನ್ ಕಿಟಕಿ ತೆರೆದು ಗಾಳಿ ಬಿಟ್ಟ ಮೇಲೆ, 1860ರ ದಶಕದಲ್ಲಿ ಜೇಮ್ಸ್ ಬೇಟ್‌ಮನ್ ಆಂಡೀಸ್ ಬೆಟ್ಟದ ಆರ್ಕಿಡ್‌ಗಳಿಗೆ ತಂಪಿನ ಮನೆಯೇ ಬೇಕೆಂದು ಪಟ್ಟುಹಿಡಿದ ಮೇಲೆ ಅವು ಅರಳತೊಡಗಿದವು.

ಅದೇ ಕಾಲದಲ್ಲಿ ತಿರುವನಂತಪುರದಲ್ಲಿ ಒಬ್ಬಾತ ಬೆಟ್ಟ ಹತ್ತುತ್ತಿದ್ದ. ಸ್ವಾತಿ ತಿರುನಾಳ್ ಮಹಾರಾಜ 1837ರಲ್ಲಿ ಸ್ಥಾಪಿಸಿದ ವೀಕ್ಷಣಾಲಯಕ್ಕೆ 1852ರಲ್ಲಿ ಬಂದ ಸ್ಕಾಟ್ಲೆಂಡಿನ ಜಾನ್ ಅಲನ್ ಬ್ರೌನ್, 1855ರಲ್ಲಿ ಅಗಸ್ತ್ಯಕೂಟದ ಮೇಲೆ ಇನ್ನೊಂದು ವೀಕ್ಷಣಾಲಯ ಕಟ್ಟಿದ. ಶಿಖರದ ಎತ್ತರ 1868 ಮೀಟರ್. ಬ್ರೌನನಿಗೆ ಮುಖ್ಯವಾಗಿ ಬೇಕಿದ್ದುದು ಅಯಸ್ಕಾಂತದ ಸೂಜಿಯ ಚಲನೆ. ಹೂವಿನ ಗೊಡವೆ ಇರಲಿಲ್ಲ. ಆದರೆ ಒಂದೇ ರಾಜ್ಯದಲ್ಲಿ, ಹೆಚ್ಚು ದೂರವೇನಲ್ಲದ ಎರಡು ಜಾಗಗಳು ಎತ್ತರ ಮಾತ್ರದಿಂದ ಬೇರೆ ಲೋಕಗಳಾಗಬಲ್ಲವು ಎಂಬುದೇ ಅವನ ಏರ್ಪಾಟಿನ ತಳಹದಿ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ.

ಹತ್ತು ವರ್ಷದ ಬಳಿಕ, 1865ರಲ್ಲಿ, ತಿರುವಾಂಕೂರಿನ ಈ ಬೆಟ್ಟಗಳಲ್ಲೇ ಮದ್ರಾಸ್ ಸೇನೆಯ ಕರ್ನಲ್ ಹೀಬರ್ ಡ್ರೂರಿಗೆ ಒಂದು ಹೂ ಸಿಕ್ಕಿತು. ಹಳದಿ ಹೂ, ಮೇಲಿನ ದಳದ ನಡುವೆ ಕಡುಗೆಂಪು ಪಟ್ಟೆ, ಕೆಳಗೆ ಚಪ್ಪಲಿಯ ಮುಂಗಾಲಿನಂಥ ಚೀಲ. ಅರಣ್ಯಾಧಿಕಾರಿ ಬೆಡ್ಡೋಮ್ 1874ರಲ್ಲಿ ಅದನ್ನು ವರ್ಣಿಸಿ ಡ್ರೂರಿಯ ಹೆಸರಿಟ್ಟ. ಈಗಿನ ಹೆಸರು ಪ್ಯಾಫಿಯೋಪೆಡಿಲಂ ಡ್ರೂರಿಯೈ. ಭಾರತದಲ್ಲಿ ಇದರ ಬಂಧುಗಳೆಲ್ಲ ಈಶಾನ್ಯದ ಬೆಟ್ಟಗಳಲ್ಲಿವೆ. ದಕ್ಷಿಣದಲ್ಲಿ ಇದೊಂದೇ, ಅದೂ ಅಗಸ್ತ್ಯಮಲೆಯ ಸುಮಾರು 1400ರಿಂದ 1550 ಮೀಟರಿನ ಹುಲ್ಲುಗಾವಲಿನ ಇಳಿಜಾರುಗಳಲ್ಲಿ ಮಾತ್ರ. ಬಿಸಿಲು ಅದಕ್ಕೆ ಆಗುತ್ತದೆ. ಆಗದಿರುವುದು ಬಿಸಿ ರಾತ್ರಿ.

ಬಹುಕಾಲ ಕಾಣೆಯಾಗಿದ್ದ ಗಿಡ 1970ರ ದಶಕದ ಆರಂಭದಲ್ಲಿ ಮತ್ತೆ ಸಿಕ್ಕಿತು. ಸಿಕ್ಕಿದ್ದೇ ಅದಕ್ಕೆ ಕುತ್ತಾಯಿತು. ವ್ಯಾಪಾರಿಗಳು ಬುಡಸಮೇತ ಕಿತ್ತು ಸಾಗಿಸಿದರು. ಕಾಣೆಯಾಗಿದ್ದ ಅಷ್ಟು ವರ್ಷಗಳಲ್ಲಿ ಆಗದ ನಷ್ಟ ಕೆಲವೇ ವರ್ಷಗಳಲ್ಲಿ ಆಯಿತು. ಆಮೇಲೆ ಕಾನೂನು ಬಂತು: 1991ರ ತಿದ್ದುಪಡಿಯಲ್ಲಿ ಈ ಕುಲವಿಡೀ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿತು. ಆರೇ ಹೆಸರುಗಳಿದ್ದ ಆ ಸಸ್ಯಪಟ್ಟಿಯಲ್ಲಿ ಬೆಡ್ಡೋಮನ ಹೆಸರಿನ ಸೈಕಸ್ ಕೂಡ ಇತ್ತು. ಇವತ್ತಿಗೂ ಈ ಚಪ್ಪಲಿ ಆರ್ಕಿಡ್ ಅಳಿವಿನ ಅತ್ಯಂತ ಅಪಾಯದಲ್ಲಿರುವ ಜಾತಿಗಳ ಸಾಲಿನಲ್ಲಿದೆ.

ಅದೇ ದಶಕದ ಕೊನೆಗೆ, 1979ರಲ್ಲಿ, ತಿರುವನಂತಪುರದ ಬಳಿಯ ಪಾಲೋಡ್‌ನಲ್ಲಿ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆ ಶುರುವಾಗಿತ್ತು. ಸ್ಥಾಪಕ ನಿರ್ದೇಶಕ ಎ. ಅಬ್ರಹಾಂ ಸ್ವತಃ ಆರ್ಕಿಡ್ ತಜ್ಞರು, ಪಿ. ವತ್ಸಲಾ ಜೊತೆ 1981ರಲ್ಲಿ ಆರ್ಕಿಡ್‌ಗಳ ಪರಿಚಯ ಗ್ರಂಥ ತಂದರು. ಆರ್ಕಿಡ್ ಬೀಜ ಎಂದರೆ ಧೂಳು, ಒಳಗೆ ಬುತ್ತಿ ಇಲ್ಲ. ಕಾಡಿನಲ್ಲಿ ಶಿಲೀಂಧ್ರ ಉಣಿಸಿದರೆ ಮೊಳೆಯುತ್ತದೆ, ಪ್ರಯೋಗಾಲಯದಲ್ಲಿ ಸಕ್ಕರೆ ಬೆರೆಸಿದ ಜೆಲ್ಲಿಯ ಮೇಲೆ. ಪಾಲೋಡ್‌ನ ವಿಜ್ಞಾನಿಗಳು ಸೀಸೆಯೊಳಗೆ ಸಸಿ ಎಬ್ಬಿಸಿ ಅಪರೂಪದ ಜಾತಿಗಳನ್ನು ಹೆಚ್ಚಿಸುವ ಕೆಲಸಕ್ಕೆ ಕೈಹಾಕಿದರು. ಹಾಗೆ ಹೆಚ್ಚಿಸಿ ನೆಲಕ್ಕೆ ಮರಳಿಸಿದ ವಾಂಡಾ ಸ್ಪ್ಯಾಥುಲಾಟ ಎಂಬ ಹಳದಿ ಹೂವು ವಾನ್ ರೀಡನ ಪುಸ್ತಕದ ‘ಪೊನ್ನಂಪೂ ಮರವರ’ವೇ.

ಬಯಲಿನ ಜಾತಿಯನ್ನು ಬಯಲಿಗೆ ಮರಳಿಸಬಹುದು. ಬೆಟ್ಟದ ಗಿಡಕ್ಕೆ ಸೀಸೆ, ಸಕ್ಕರೆ, ಕಾನೂನು ಎಲ್ಲ ಕೊಟ್ಟರೂ ಕೊನೆಗೆ ಬೇಕಾಗುವುದು ಆ ಎತ್ತರದ ರಾತ್ರಿಯೇ.

ಕೊಚ್ಚಿಯ ತಾರಸಿಯಲ್ಲಿ ಆ ರಾತ್ರಿಯನ್ನು ಮಾಡುವುದು ಕಷ್ಟ. ಒದ್ದೆ ಗೋಣಿಯ ಉಪಾಯ ಒಣಹವೆಯ ಬಳ್ಳಾರಿಯಲ್ಲಿ ನಡೆದೀತು. ಕೊಚ್ಚಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಗೋಣಿ ಆರುವುದೇ ಇಲ್ಲ, ಆರದಿದ್ದರೆ ತಂಪೂ ಇಲ್ಲ. ಎಸಿ ಕೋಣೆ ತಂಪು ಕೊಡುತ್ತದೆ, ತೇವ ಕಸಿಯುತ್ತದೆ, ಮೊಗ್ಗು ಸುಕ್ಕುತ್ತದೆ. ಅಡುಗೆಮನೆಯ ಮೂಲೆಯಲ್ಲಿ ಬಾಳೆಗೊನೆ ಹಣ್ಣಾಗುತ್ತಿದ್ದರೆ ಅದರಿಂದ ಹೊರಡುವ ಎಥಿಲೀನ್ ಉಳಿದ ಮೊಗ್ಗನ್ನೂ ಉದುರಿಸುತ್ತದೆ. ಮುನ್ನಾರಿನಿಂದ ತರಲೇಬೇಕೆಂದಿದ್ದರೆ ಗೊಂಚಲಿನ ಹೂಗಳೆಲ್ಲ ಅರಳಿದ ಮೇಲೆ ತರುವುದು ವಾಸಿ: ಬಿರಿದ ಹೂ ಸೆಕೆಯನ್ನು ಕೆಲವು ದಿನ ತಡೆದುಕೊಳ್ಳುತ್ತದೆ, ಬಿರಿಯದ್ದು ತಡೆಯುವುದಿಲ್ಲ. ಮರುವರ್ಷ ಹೂ ಬೇಕಾದರೆ ಕುಂಡವನ್ನು ಬೆಟ್ಟದ ಮೇಲಿನ ನೆಂಟರ ಮನೆಗೆ ವಾಪಸು ಕಳಿಸಬೇಕು. ಡ್ರೂರಿಯ ಹೂವಿಗೆ ಅಂಥ ನೆಂಟರಿಲ್ಲ. ಹವೆ ಎರಡು ಡಿಗ್ರಿ ಕಾದರೆ ಅದೇ ತಂಪಿಗೆ ಅದು ಮುನ್ನೂರು ಮೀಟರಿನಷ್ಟು ಮೇಲೇರಬೇಕು. ಇಳಿಜಾರಿನಿಂದ ಶಿಖರಕ್ಕೆ ಉಳಿದಿರುವುದೂ ಹೆಚ್ಚುಕಡಿಮೆ ಅಷ್ಟೇ.